ಕಸವಲ್ಲವೆಂದು ಸಾಕ್ಷಿ ಹೇಳುವ ಕೆಲಸ

ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮೂ ತನ್ನ ಕೆಲಸ ನಡೆಯುವಷ್ಟು ಹೊತ್ತೂ ಮೆಮೊರಿಯನ್ನು ಕೇಳಿ ಪಡೆಯುತ್ತಲೇ ಇರುತ್ತದೆ. ಹಾಗೆ ಪಡೆದದ್ದನ್ನು ಹಿಂದಿರುಗಿಸುವ ಹೊಣೆ ಯಾರದು ಎಂಬ ಪ್ರಶ್ನೆಗೆ ಪ್ರೋಗ್ರಾಮಿಂಗ್ ಭಾಷೆಗಳು ಕೊಟ್ಟುಕೊಂಡ ಉತ್ತರದಲ್ಲಿ ಅವುಗಳ ಸ್ವಭಾವದ ಬಹುಪಾಲು ಅಡಗಿದೆ. ಸಿ ಭಾಷೆಯಲ್ಲಿ ಆ ಹೊಣೆ ಪ್ರೋಗ್ರಾಮ್ ಬರೆದವರದೇ ಆಗಿದ್ದು, ಅವರು ಮರೆತರೆ ಮೆಮೊರಿ ಸೋರುತ್ತದೆ, ಅವಸರಪಟ್ಟರೆ ಇನ್ನೂ ಬಳಕೆಯಲ್ಲಿರುವ ಜಾಗವೇ ಬೇರೊಂದರ ಪಾಲಾಗುತ್ತದೆ. ಲಿಸ್ಪ್, ರೂಬಿ, ಪೈಥಾನ್, ಜೂಲಿಯಾ ಮುಂತಾದವುಗಳಲ್ಲಿ ಆ ಹೊಣೆಯನ್ನು ಭಾಷೆಯ ರನ್‌ಟೈಮ್, ಎಂದರೆ ಪ್ರೋಗ್ರಾಮಿನ ಜೊತೆಜೊತೆಗೇ ಓಡುತ್ತ ಅದರ ಬೇಕುಬೇಡಗಳನ್ನು ನೋಡಿಕೊಳ್ಳುವ ಆಧಾರ ತಂತ್ರಾಂಶ, ತಾನೇ ವಹಿಸಿಕೊಳ್ಳುತ್ತದೆ. ಅದರಲ್ಲಿ ಈ ಕೆಲಸಕ್ಕೆಂದೇ ಇರುವ ಭಾಗವನ್ನು ಗಾರ್ಬೇಜ್ ಕಲೆಕ್ಟರ್, ಕನ್ನಡದಲ್ಲಿ ಕಸ ಸಂಗ್ರಾಹಕ, ಎಂದು ಕರೆಯಲಾಗುತ್ತದೆ. ಹೆಸರಿನಲ್ಲಿ ಕಸವಿದ್ದರೂ ಸಂಗ್ರಾಹಕ ಹುಡುಕಿಕೊಂಡು ಹೋಗುವುದು ಬಳಕೆಯಲ್ಲಿರುವ ವಸ್ತುಗಳನ್ನು. ಸಿಕ್ಕಿದ್ದಕ್ಕೆಲ್ಲ ಗುರುತು ಹಾಕಿ ಮುಗಿದ ಮೇಲೆ ಗುರುತಿಲ್ಲದೆ ಉಳಿದದ್ದನ್ನು ಅದು ಕಸವೆಂದು ಬಗೆಯುತ್ತದೆ. ಹೀಗೆ ಗುರುತು ಹಾಕುತ್ತ ಹೋಗುವಾಗ ಅದಕ್ಕೆ ಒಳಗಿಣುಕಿ ನೋಡಲಾಗದ ವಸ್ತುವೊಂದು ಎದುರಾದರೆ ಯಾರ ಮಾತನ್ನು ನಂಬಬೇಕು, ಆ ಮಾತು ಸುಳ್ಳಾದರೆ ಏನಾಗುತ್ತದೆ ಎಂಬುದು ಇಲ್ಲಿ ವಿವೇಚಿಸಬೇಕಾದ ಸಂಗತಿ.

ಈ ತೊಡಕು ಮೊದಲಿಗೆ ಇರಲಿಲ್ಲ. ಜಾನ್ ಮೆಕಾರ್ಥಿ 1960ರಲ್ಲಿ ಲಿಸ್ಪ್ ಭಾಷೆಯನ್ನು ವಿವರಿಸಿ ಪ್ರಕಟಿಸಿದ ಪ್ರಬಂಧದಲ್ಲಿ ಐಬಿಎಂ 704 ಯಂತ್ರದ ಮೆಮೊರಿಯನ್ನು ಮರಳಿ ಪಡೆಯುವ ವಿಧಾನವನ್ನೂ ಹೇಳಿದ್ದರು: ಪ್ರೋಗ್ರಾಮಿಗೆ ನೇರವಾಗಿ ಕೈಗೆಟುಕುವ ಕೆಲವು ಸ್ಥಾನಗಳಿಂದ ಹೊರಟು, ಅಲ್ಲಿಂದ ತಲುಪಬಹುದಾದ ಪ್ರತಿಯೊಂದು ಕೋಶದ ಚಿಹ್ನೆಯನ್ನು ಋಣಕ್ಕೆ ತಿರುಗಿಸುತ್ತ ಹೋಗಿ, ಕೊನೆಯಲ್ಲಿ ಧನವಾಗಿಯೇ ಉಳಿದ ಕೋಶಗಳನ್ನೆಲ್ಲ ಖಾಲಿ ಪಟ್ಟಿಗೆ ಸೇರಿಸಿಬಿಡುವುದು. ಈ ಕ್ರಿಯೆಯನ್ನು ಮೆಕಾರ್ಥಿಯವರ ಗುಂಪು ಆಗಲೇ ಕಸ ಸಂಗ್ರಹವೆಂದು ಕರೆಯುತ್ತಿದ್ದರೂ ಪ್ರಬಂಧದಲ್ಲಿ ಆ ಹೆಸರನ್ನು ಬಳಸುವ ಧೈರ್ಯ ತಮಗಾಗಲಿಲ್ಲವೆಂದು ಅವರೇ ಬಹುಕಾಲದ ಮೇಲೆ ಸೇರಿಸಿದ ಟಿಪ್ಪಣಿಯೊಂದರಲ್ಲಿ ಒಪ್ಪಿಕೊಂಡಿದ್ದಾರೆ. ಇಲ್ಲಿ ಗಮನಿಸಬೇಕಾದದ್ದು ಆ ಕೋಶಗಳ ಏಕರೂಪತೆ: 36 ಬಿಟ್‌ಗಳ ಒಂದು ಪದ, ಅದರೊಳಗೆ ತಲಾ 15 ಬಿಟ್‌ಗಳ ಎರಡು ವಿಳಾಸಗಳು. ಪಟ್ಟಿಯ ಕೋಶಗಳೆಲ್ಲ ಒಂದೇ ಅಚ್ಚಿನವಾಗಿದ್ದುದರಿಂದ, ಒಂದು ಕೋಶದಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಸಂಗ್ರಾಹಕ ಯಾರನ್ನೂ ಕೇಳಬೇಕಾಗಿರಲಿಲ್ಲ.

ಇಂದಿನ ರನ್‌ಟೈಮ್‌ಗಳಲ್ಲಿ ಮೂಲ ಉಪಾಯ ಅದೇ ಆಗಿದ್ದರೂ ವಸ್ತುಗಳ ರೂಪ ಮಾತ್ರ ಸಾವಿರ ಬಗೆಯದು. ಹುಡುಕಾಟ ಶುರುವಾಗುವ ಸ್ಥಾನಗಳಿಗೆ ಬೇರುಗಳು ಎಂದು ಹೆಸರು; ಜಾಗತಿಕ ಚರಗಳು ಮತ್ತು ಸದ್ಯ ಓಡುತ್ತಿರುವ ಫಂಕ್ಷನ್‌ಗಳ ಸ್ಥಳೀಯ ಚರಗಳನ್ನು ಹಿಡಿದಿಟ್ಟಿರುವ ಸ್ಟ್ಯಾಕ್ ಇವುಗಳಲ್ಲಿ ಮುಖ್ಯವಾದವು. ಡೈಕ್‌ಸ್ಟ್ರಾ, ಲ್ಯಾಂಪೋರ್ಟ್ ಮತ್ತು ಅವರ ಸಹಲೇಖಕರು 1978ರ ಪ್ರಬಂಧದಲ್ಲಿ ರೂಢಿಗೆ ತಂದ ಬಣ್ಣಗಳ ಭಾಷೆಯಲ್ಲಿ ಹೇಳುವುದಾದರೆ, ಇನ್ನೂ ತಲುಪದ ವಸ್ತು ಬಿಳಿ, ತಲುಪಿದ್ದರೂ ಅದರೊಳಗಿನ ಪಾಯಿಂಟರ್‌ಗಳನ್ನು ಇನ್ನೂ ಹಿಂಬಾಲಿಸದ ವಸ್ತು ಬೂದು, ಹಿಂಬಾಲಿಸಿಯೂ ಆದದ್ದು ಕಪ್ಪು. ಬೂದು ವಸ್ತುಗಳು ಮುಗಿಯುವವರೆಗೂ ಒಂದೊಂದನ್ನೇ ಎತ್ತಿಕೊಂಡು, ಅದು ತೋರಿಸುವ ಬಿಳಿಯವನ್ನು ಬೂದುಗೊಳಿಸಿ, ಅದನ್ನು ಕಪ್ಪಾಗಿಸುವುದೇ ಗುರುತು ಹಾಕುವ ಕ್ರಿಯೆ. ಪಾಯಿಂಟರ್ ಎಂದರೆ ಇನ್ನೊಂದು ವಸ್ತುವಿನ ವಿಳಾಸವನ್ನು ಹಿಡಿದ ಸಂಖ್ಯೆಯಷ್ಟೇ ಆದ್ದರಿಂದ, ವಸ್ತುವಿನ ಯಾವ ಭಾಗದಲ್ಲಿರುವುದು ವಿಳಾಸ, ಯಾವ ಭಾಗದಲ್ಲಿರುವುದು ಬರೀ ಲೆಕ್ಕ ಎಂಬುದು ತಿಳಿಯದ ಹೊರತು ಬೂದು ವಸ್ತುವನ್ನು ಕಪ್ಪಾಗಿಸಲು ಬಾರದು. ಭಾಷೆಯ ಸ್ವಂತ ವಸ್ತುಗಳಾದ ಅಕ್ಷರಸರಣಿ, ಪಟ್ಟಿ, ಕೋಷ್ಟಕಗಳ ರಚನೆ ರನ್‌ಟೈಮಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿರುವುದು ಹೊರಗಿನಿಂದ ಬಂದದ್ದು.

ಹೊರಗಿನಿಂದ ಬರುವುದು ಅಪರೂಪದ ಸಂಗತಿಯೂ ಅಲ್ಲ. ರೂಬಿಯಲ್ಲಿ ಎಕ್ಸ್‌ಎಂಎಲ್ ಕಡತವನ್ನು ಓದಲು ಬಹುತೇಕರು ಬಳಸುವ ನೋಕೋಗಿರಿ ಎಂಬ ಲೈಬ್ರರಿ, ಸಿ ಭಾಷೆಯಲ್ಲಿ ಬರೆದ ಲಿಬ್‌ಎಕ್ಸ್‌ಎಂಎಲ್2 ಎಂಬ ಇನ್ನೊಂದು ಲೈಬ್ರರಿಯ ಮೇಲೆ ನಿಂತಿದೆ. ದತ್ತಸಂಚಯದ ಸಂಪರ್ಕ, ಚಿತ್ರಗಳ ಸಂಸ್ಕರಣೆ, ಗೂಢಲಿಪಿ ಇವೆಲ್ಲವೂ ಹೀಗೆಯೇ ಸಿ ಭಾಷೆಯ ವಿಸ್ತರಣೆಗಳಾಗಿ ಬಂದು ಸೇರುತ್ತವೆ. ವಿಸ್ತರಣೆಯೊಂದು ತನ್ನ ಸಿ ರಚನೆಯನ್ನು ರೂಬಿ ವಸ್ತುವೊಂದರ ಹೊದಿಕೆಯೊಳಗೆ ಇಟ್ಟು ಕೊಟ್ಟಾಗ, ಸಂಗ್ರಾಹಕಕ್ಕೆ ಅದು ಬೀಗ ಹಾಕಿ ಅಟ್ಟಕ್ಕೇರಿಸಿದ ಟ್ರಂಕಿನಂತೆ: ಹೊರಗಿನ ಆಕಾರ ಕಾಣುತ್ತದೆ, ಒಳಗೆ ಹಳೆಯ ಬಟ್ಟೆಯೋ ಹೊಲದ ಪತ್ರವೋ ತಿಳಿಯದು. ಆದ್ಯತೆಯ ಸರದಿಯೊಂದನ್ನು ವೇಗಕ್ಕಾಗಿ ಸಿಯಲ್ಲಿ ಬರೆದು, ಅದರೊಳಗೆ ರೂಬಿ ವಸ್ತುಗಳನ್ನು ಸಾಲಾಗಿ ಇಟ್ಟಿದ್ದರೆ, ಆ ವಸ್ತುಗಳಿಗೆ ರೂಬಿಯ ಕಡೆಯಿಂದ ಬೇರೆ ಯಾವ ದಾರಿಯೂ ಇಲ್ಲದಿರಬಹುದು. ಸಂಗ್ರಾಹಕ ಟ್ರಂಕನ್ನು ತೆರೆಯದೆ ಮುಂದೆ ಹೋದರೆ ಅವೆಲ್ಲವೂ ಬಿಳಿಯಾಗಿಯೇ ಉಳಿದು ಗುಡಿಸಿಹೋಗುತ್ತವೆ. ಆದ್ದರಿಂದ ಟ್ರಂಕಿನ ಬೀಗದ ಕೈ ಇದ್ದವರೇ, ಎಂದರೆ ವಿಸ್ತರಣೆಯನ್ನು ಬರೆದವರೇ, ಒಳಗೆ ಏನೇನಿದೆ ಎಂದು ಸಾಕ್ಷಿ ಹೇಳಬೇಕಾಗುತ್ತದೆ. ಈ ಸಾಕ್ಷಿಯೇ ಮಾರ್ಕ್ ಫಂಕ್ಷನ್.

ರೂಬಿಯಲ್ಲಿ ಇದರ ವ್ಯವಸ್ಥೆ ಸರಳವಾಗಿದೆ. ವಿಸ್ತರಣೆಯ ಪ್ರತಿಯೊಂದು ಬಗೆಯ ವಸ್ತುವಿಗೂ ಒಂದು ವಿವರಣಾ ಪತ್ರವಿದ್ದು, ಅದರಲ್ಲಿ ವಸ್ತುವಿಗೆ ಗುರುತು ಹಾಕುವ ಫಂಕ್ಷನ್, ಅದನ್ನು ಬಿಡುಗಡೆ ಮಾಡುವ ಫಂಕ್ಷನ್, ಅದರ ಗಾತ್ರ ಹೇಳುವ ಫಂಕ್ಷನ್ ಇವುಗಳ ವಿಳಾಸಗಳನ್ನು ಬರೆದಿಡಲಾಗುತ್ತದೆ. ಸಂಗ್ರಾಹಕ ಆ ವಸ್ತುವನ್ನು ಕಪ್ಪಾಗಿಸುವ ಹೊತ್ತಿಗೆ ಮಾರ್ಕ್ ಫಂಕ್ಷನನ್ನು ಕರೆಯುತ್ತದೆ. ಅದು ತನ್ನ ಸಿ ರಚನೆಯೊಳಗಿನ ರೂಬಿ ವಸ್ತುಗಳನ್ನು ಒಂದೊಂದಾಗಿ ಸಂಗ್ರಾಹಕಕ್ಕೆ ಒಪ್ಪಿಸುತ್ತದೆ. ಚಿಕ್ಕ ಪೂರ್ಣಾಂಕ, ನಿಲ್, ನಿಜ, ಸುಳ್ಳು ಮುಂತಾದವು ಪಾಯಿಂಟರಿನ ಜಾಗದಲ್ಲೇ ಅಡಕವಾಗಿರುವ ಬೆಲೆಗಳಾದ್ದರಿಂದ ಅವನ್ನು ಒಪ್ಪಿಸಿದರೂ ಸಂಗ್ರಾಹಕ ಸುಮ್ಮನೆ ಬದಿಗಿಡುತ್ತದೆ. ಸರದಿಯ ಉದಾಹರಣೆಯಲ್ಲಿ ಇಡೀ ಫಂಕ್ಷನ್ ನಾಲ್ಕೈದು ಸಾಲಿನ ಒಂದು ಸುತ್ತು ಮಾತ್ರ, ಮತ್ತು ಅದು ಇಷ್ಟು ಚಿಕ್ಕದಾಗಿರುವುದರಿಂದಲೇ ಹಲವರು ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಈ ನಾಲ್ಕು ಸಾಲು ತಪ್ಪಿದರೆ ಆಗುವುದು ಎರಡು ಬಗೆ. ಬೇಡದ್ದನ್ನೂ ಇದೆಯೆಂದು ಹೇಳಿದರೆ ಸತ್ತ ವಸ್ತುಗಳು ಉಳಿದುಕೊಂಡು ಮೆಮೊರಿ ಮೆಲ್ಲಗೆ ತುಂಬುತ್ತದೆ. ಪ್ರೋಗ್ರಾಮ್ ದಪ್ಪಗಾಗುತ್ತದೆ, ಆದರೆ ತಪ್ಪು ಉತ್ತರ ಕೊಡುವುದಿಲ್ಲ. ಇರುವುದನ್ನು ಹೇಳಲು ಮರೆತರೆ ಬದುಕಿರುವ ವಸ್ತು ಗುಡಿಸಿಹೋಗಿ, ಅದರ ಜಾಗಕ್ಕೆ ಬೇರಾವುದೋ ವಸ್ತು ಬಂದು ಕೂರುತ್ತದೆ, ಮತ್ತು ಹಳೆಯ ವಿಳಾಸವನ್ನು ಹಿಡಿದುಕೊಂಡಿರುವ ಸರದಿ ಯಾವತ್ತೋ ಒಂದು ದಿನ ಅಲ್ಲಿಗೆ ಹೋದಾಗ ಸಂಖ್ಯೆ ಇರಬೇಕಾದಲ್ಲಿ ಅಕ್ಷರಸರಣಿಯೋ, ಏನೂ ಇಲ್ಲದ ಖಾಲಿ ಕೋಶವೋ ಸಿಗುತ್ತದೆ. ಈ ತಪ್ಪಿನ ಕ್ರೌರ್ಯವಿರುವುದು ಅದರ ತಡದಲ್ಲಿ: ತಪ್ಪು ನಡೆದ ಜಾಗಕ್ಕೂ ಪ್ರೋಗ್ರಾಮ್ ಬಿದ್ದ ಜಾಗಕ್ಕೂ ನಡುವೆ ಲಕ್ಷಾಂತರ ಹೆಜ್ಜೆಗಳು ಕಳೆದಿರುತ್ತವೆ, ಬೆರಳೆಣಿಕೆಯ ವಸ್ತುಗಳಿರುವ ಪರೀಕ್ಷೆಗಳಲ್ಲಿ ಸಂಗ್ರಾಹಕ ಒಮ್ಮೆಯೂ ಓಡದೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬಿದ್ದ ಹೊತ್ತಿನಲ್ಲಿ ಪರದೆಯ ಮೇಲೆ ಬರುವ ಹೆಸರು ನಿರಪರಾಧಿಯಾದ ಬೇರೊಂದು ಲೈಬ್ರರಿಯದಾಗಿರುತ್ತದೆ. ಇದನ್ನು ಹಿಡಿಯಲೆಂದೇ ರೂಬಿಯಲ್ಲಿ ಜಿಸಿ ಸ್ಟ್ರೆಸ್ ಎಂಬ ಸ್ಥಿತಿಯೊಂದಿದ್ದು, ಅದನ್ನು ಹಚ್ಚಿದರೆ ಹೊಸ ವಸ್ತು ಹುಟ್ಟುವ ಪ್ರತಿಯೊಂದು ಅವಕಾಶದಲ್ಲಿಯೂ ಸಂಗ್ರಾಹಕ ಓಡುತ್ತದೆ. ಪ್ರೋಗ್ರಾಮ್ ಆಮೆಯಂತಾಗುತ್ತದೆ, ಆದರೆ ಮರೆತ ವಸ್ತು ಮರೆತ ಮರುಗಳಿಗೆಯಲ್ಲಿಯೇ ಕಳೆದುಹೋಗಿ ತಪ್ಪು ತನ್ನ ಜಾಗದಲ್ಲಿಯೇ ಸಿಕ್ಕಿಬೀಳುತ್ತದೆ.

ಸಾಕ್ಷಿ ಹೇಳುವವರಿಗೆ ಇನ್ನೂ ಕೆಲವು ನಿರ್ಬಂಧಗಳಿವೆ. ಮಾರ್ಕ್ ಫಂಕ್ಷನ್ ಓಡುವುದು ಸಂಗ್ರಾಹಕದ ಕೆಲಸದ ನಟ್ಟನಡುವೆ ಆದ್ದರಿಂದ ಅಲ್ಲಿ ಹೊಸ ವಸ್ತುವನ್ನು ಹುಟ್ಟಿಸಕೂಡದು. ಹುಟ್ಟಿಸಿದರೆ ಕಸ ಸಂಗ್ರಹದ ಹಂತದಲ್ಲಿ ವಸ್ತು ನಿರ್ಮಾಣ ನಡೆಯಿತೆಂಬ ದೂರಿನೊಂದಿಗೆ ರೂಬಿ ಅಲ್ಲಿಯೇ ನಿಂತುಬಿಡುತ್ತದೆ. ಹೊದಿಕೆಯ ವಸ್ತು ಹುಟ್ಟಿ, ಅದರ ಸಿ ರಚನೆಗೆ ಇನ್ನೂ ಬೆಲೆಗಳನ್ನು ತುಂಬುವ ಮೊದಲೇ ಸಂಗ್ರಾಹಕ ಓಡಿಬರಬಹುದಾದ್ದರಿಂದ, ಅರೆಬೆಂದ ರಚನೆಯನ್ನೂ ತಾಳಿಕೊಳ್ಳುವಂತೆ ಫಂಕ್ಷನನ್ನು ಬರೆದಿರಬೇಕು. ರಚನೆಯನ್ನು ಮೊದಲಿಗೇ ಸೊನ್ನೆಗಳಿಂದ ತುಂಬಿಸುವ ಅಭ್ಯಾಸ ಬಂದದ್ದು ಈ ಕಾರಣಕ್ಕೆ. ಮತ್ತೊಂದು ಅಪಾಯ ಆಳದ್ದು. ಹತ್ತು ಲಕ್ಷ ಕೊಂಡಿಗಳ ಸರಪಳಿಯೊಂದನ್ನು ಪುನರಾವರ್ತನೆಯಿಂದ, ಎಂದರೆ ಫಂಕ್ಷನ್ ತನ್ನನ್ನೇ ತಾನು ಕರೆಯುತ್ತ, ಹಿಂಬಾಲಿಸಿದರೆ ಯಂತ್ರದ ಸ್ಟ್ಯಾಕ್ ತುಂಬಿಹೋಗುತ್ತದೆ. ಷೋರ್ ಮತ್ತು ವೇಟ್ 1967ರಲ್ಲಿಯೇ ಪಾಯಿಂಟರ್‌ಗಳನ್ನು ತಾತ್ಕಾಲಿಕವಾಗಿ ಹಿಮ್ಮುಖವಾಗಿಸಿ, ಹೆಚ್ಚಿನ ಸ್ಟ್ಯಾಕ್ ಬಳಸದೆ ಹಿಂದಿರುಗುವ ಜಾಣ ಉಪಾಯವನ್ನು ಪ್ರಕಟಿಸಿದ್ದರೂ, ಈಗಿನ ಸಂಗ್ರಾಹಕಗಳಲ್ಲಿ ಹೆಚ್ಚಿನವು ಬೂದು ವಸ್ತುಗಳನ್ನು ತಮ್ಮದೇ ಆದ ಸರದಿಯೊಂದರಲ್ಲಿ ಇಟ್ಟುಕೊಳ್ಳುತ್ತವೆ. ಮಾರ್ಕ್ ಫಂಕ್ಷನ್ ಮಾಡಬೇಕಾದದ್ದು ತನ್ನ ನೇರ ಮಕ್ಕಳನ್ನು ಆ ಸರದಿಗೆ ಸೇರಿಸಿ ಹಿಂದಿರುಗುವುದು ಮಾತ್ರ, ಮೊಮ್ಮಕ್ಕಳ ಗೊಡವೆ ಅದರದಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಾಕ್ಷಿಯ ಕೆಲಸ ಹಗುರವಾಗಿಯೇ ಉಳಿಯುತ್ತಿತ್ತು. ಆದರೆ ಸಂಗ್ರಾಹಕ ಜಾಣವಾದಷ್ಟೂ ಅದು ಸಾಕ್ಷಿಯಿಂದ ಬಯಸುವುದು ಹೆಚ್ಚುತ್ತ ಹೋಯಿತು, ಮತ್ತು ರೂಬಿಯ ಇತಿಹಾಸದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೊಸದಾಗಿ ಹುಟ್ಟಿದ ವಸ್ತುಗಳಲ್ಲಿ ಹೆಚ್ಚಿನವು ಬೇಗನೆ ಸಾಯುತ್ತವೆ, ಬದುಕುಳಿದವು ದೀರ್ಘಾಯುಗಳಾಗುತ್ತವೆ ಎಂಬ ಅನುಭವದ ಮೇಲೆ ಪೀಳಿಗೆಯ ಸಂಗ್ರಹ ನಿಂತಿದೆ. ಅದರಲ್ಲಿ ಹಳೆಯ ವಸ್ತುಗಳನ್ನು ಪ್ರತಿಸಲವೂ ಸುತ್ತದೆ ಎಳೆಯವನ್ನು ಮಾತ್ರ ಸುತ್ತಲಾಗುತ್ತದೆ. ಹಾಗೆ ಮಾಡಿದಾಗ ಹಳೆಯ ವಸ್ತುವೊಂದು ಎಳೆಯದೊಂದನ್ನು ಹಿಡಿದುಕೊಂಡರೆ ಆ ಸುದ್ದಿ ಸಂಗ್ರಾಹಕಕ್ಕೆ ಮುಟ್ಟಲೇಬೇಕು. ಹಾಗೆ ಮುಟ್ಟಿಸುವ, ಪಾಯಿಂಟರ್ ಬರೆಯುವ ಪ್ರತಿಯೊಂದು ಜಾಗದಲ್ಲಿಯೂ ಸೇರಿಸಬೇಕಾದ ಸಣ್ಣ ಸಂಕೇತಕ್ಕೆ, ಎಂದರೆ ಕೋಡಿನ ತುಣುಕಿಗೆ, ರೈಟ್ ಬ್ಯಾರಿಯರ್ ಎಂದು ಹೆಸರು. 2013ರ ಕೊನೆಯಲ್ಲಿ ಬಂದ ರೂಬಿ 2.1ಕ್ಕೆ ಪೀಳಿಗೆಯ ಸಂಗ್ರಹವನ್ನು ತರಲು ಹೊರಟ ಕೊಯಿಚಿ ಸಸಾದಾ ಅವರ ಮುಂದಿದ್ದ ಇಕ್ಕಟ್ಟೆಂದರೆ, ಆ ಹೊತ್ತಿಗಾಗಲೇ ಬಳಕೆಯಲ್ಲಿದ್ದ ಅಸಂಖ್ಯ ವಿಸ್ತರಣೆಗಳಲ್ಲಿ ಇಂತಹ ಸಂಕೇತ ಒಂದರಲ್ಲಿಯೂ ಇರಲಿಲ್ಲ. ಅವರು ವಿಸ್ತರಣೆಗಳನ್ನು ಮುರಿಯದೆ ವಸ್ತುಗಳನ್ನೇ ಎರಡು ಪಂಗಡ ಮಾಡಿದರು: ಬ್ಯಾರಿಯರ್ ಪಾಲಿಸುತ್ತೇನೆಂದು ಮಾತುಕೊಟ್ಟವು ಒಂದು ಕಡೆ, ಮಾತುಕೊಡದವು ಇನ್ನೊಂದು ಕಡೆ, ಎರಡನೆಯವು ಎಂದಿಗೂ ಹಳೆಯ ಪೀಳಿಗೆಗೆ ಬಡ್ತಿ ಪಡೆಯುವುದಿಲ್ಲ, ಹಳೆಯ ವಸ್ತುವೊಂದು ಅವನ್ನು ತೋರಿಸುತ್ತಿದ್ದರೆ ಪ್ರತಿಸಲವೂ ಅವುಗಳ ಮಾರ್ಕ್ ಫಂಕ್ಷನ್ ಮತ್ತೆ ಓಡುತ್ತದೆ. ವೇಗದಲ್ಲಿ ಕೊಂಚ ನಷ್ಟವಾದರೂ ಹಳೆಯ ಸಂಕೇತ ಒಂದು ಸಾಲೂ ಬದಲಾಗದೆ ನಡೆಯಿತು. ರನ್‌ಟೈಮ್‌ಗಳ ವಿನ್ಯಾಸದಲ್ಲಿ ಇಷ್ಟು ಸೌಜನ್ಯದ ನಿರ್ಧಾರಗಳು ಹೆಚ್ಚಿಲ್ಲ.

ಅದೇ ಸೌಜನ್ಯ 2019ರ ಡಿಸೆಂಬರಿನ ರೂಬಿ 2.7ರಲ್ಲಿ ಮತ್ತೊಮ್ಮೆ ಕಾಣುತ್ತದೆ. ಆರನ್ ಪ್ಯಾಟರ್ಸನ್ ಅವರು ತಂದ ಕಾಂಪ್ಯಾಕ್ಷನ್, ಚದುರಿಹೋದ ವಸ್ತುಗಳನ್ನು ಸರಿಸಿ ಒತ್ತೊತ್ತಾಗಿ ಕೂರಿಸುವ ಕ್ರಿಯೆ. ಆದರೆ ವಸ್ತು ಸರಿದ ಮೇಲೆ ಅದನ್ನು ತೋರಿಸುವ ಪಾಯಿಂಟರ್‌ಗಳನ್ನೆಲ್ಲ ತಿದ್ದಬೇಕು, ಟ್ರಂಕಿನೊಳಗಿನ ಪಾಯಿಂಟರ್‌ಗಳನ್ನು ಸಂಗ್ರಾಹಕ ತಾನಾಗಿ ತಿದ್ದಲಾರದು. ಹೀಗಾಗಿ ಹಳೆಯ ರೀತಿಯಲ್ಲಿ ಗುರುತಿಸಿದ ವಸ್ತುವನ್ನು ಇದ್ದಲ್ಲಿಯೇ ಮೊಳೆ ಹೊಡೆದು ಕೂರಿಸಿ, ಸರಿಸಬಹುದೆಂದು ಹೊಸ ರೀತಿಯಲ್ಲಿ ಗುರುತಿಸಿದ್ದನ್ನು ಮಾತ್ರ ಸರಿಸುವ ಏರ್ಪಾಡಾಯಿತು. ಹೊಸ ರೀತಿಯನ್ನು ಬಳಸುವ ವಿಸ್ತರಣೆ, ಸರಿದ ವಸ್ತುಗಳ ಹೊಸ ವಿಳಾಸವನ್ನು ಕೇಳಿಕೊಂಡು ತನ್ನ ರಚನೆಯನ್ನು ತಿದ್ದುವ ಎರಡನೆಯ ಫಂಕ್ಷನನ್ನೂ ಬರೆದುಕೊಡಬೇಕು. ಮೊದಲಿಗೆ ನಾಲ್ಕು ಸಾಲಿನದಾಗಿದ್ದ ಸಾಕ್ಷಿ ಈಗ ಇಬ್ಬರು ಸಾಕ್ಷಿಗಳ ಮಾತಾಯಿತು, ಮತ್ತು ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಗಬೇಕಾಯಿತು.

ಪೈಥಾನಿನ ದಾರಿ ಬೇರೆಯೇ. ಅಲ್ಲಿ ಪ್ರತಿಯೊಂದು ವಸ್ತುವೂ ತನ್ನನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆಯನ್ನು ಇಟ್ಟುಕೊಂಡಿದ್ದು, ಎಣಿಕೆ ಸೊನ್ನೆಯಾದ ಕೂಡಲೇ ಸಾಯುತ್ತದೆ. ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡ ಚಕ್ರಗಳಲ್ಲಿ ಮಾತ್ರ ಈ ಎಣಿಕೆ ಎಂದೂ ಸೊನ್ನೆಗೆ ಇಳಿಯುವುದಿಲ್ಲವಾದ್ದರಿಂದ, 2000ದಲ್ಲಿ ಬಂದ ಪೈಥಾನ್ 2.0ಕ್ಕೆ ನೀಲ್ ಶೆಮೆನಾವರ್ ಅವರು ಚಕ್ರಗಳನ್ನು ಪತ್ತೆಮಾಡುವ ಸಂಗ್ರಾಹಕವೊಂದನ್ನು ಸೇರಿಸಿದರು. ಅದು ಬೇರುಗಳಿಂದ ಹೊರಡುವುದೇ ಇಲ್ಲ. ಪ್ರತಿಯೊಂದು ವಸ್ತುವಿನ ಎಣಿಕೆಯ ನಕಲೊಂದನ್ನು ಮಾಡಿಕೊಂಡು, ಎಲ್ಲ ವಸ್ತುಗಳ ಸಾಕ್ಷಿ ಫಂಕ್ಷನ್‌ಗಳನ್ನೂ ಕರೆದು, ಅವು ತೋರಿಸಿದ ವಸ್ತುಗಳ ನಕಲು ಎಣಿಕೆಯಿಂದ ಒಂದೊಂದನ್ನು ಕಳೆಯುತ್ತದೆ; ಕೊನೆಗೆ ಯಾವುದರ ಎಣಿಕೆ ಸೊನ್ನೆಗಿಂತ ಹೆಚ್ಚಾಗಿ ಉಳಿಯಿತೋ ಅದನ್ನು ಈ ಗುಂಪಿನ ಹೊರಗಿನಿಂದ ಯಾರೋ ಹಿಡಿದುಕೊಂಡಿದ್ದಾರೆಂದು ಅರ್ಥ, ಅದೂ ಅದರಿಂದ ತಲುಪಬಹುದಾದವೂ ಬದುಕಿದವು, ಮಿಕ್ಕವು ಕಸ.

ಈ ಲೆಕ್ಕದ ಕುತೂಹಲಕರ ಪರಿಣಾಮವೆಂದರೆ ಸುಳ್ಳು ಸಾಕ್ಷಿಯ ದಂಡ ಇಲ್ಲಿ ತಲೆಕೆಳಗಾಗುವುದು. ಪೈಥಾನಿನಲ್ಲಿ ವಿಸ್ತರಣೆಯೊಂದು ತನ್ನ ಸದಸ್ಯವೊಂದನ್ನು ಹೇಳಲು ಮರೆತರೆ, ಆ ಸದಸ್ಯದ ಎಣಿಕೆಯಿಂದ ಒಂದು ಕಡಿಮೆ ಕಳೆದಂತಾಗಿ ಅದು ಹೊರಗಿನಿಂದ ಹಿಡಿಯಲ್ಪಟ್ಟಂತೆ ಕಾಣುತ್ತದೆ ಮತ್ತು ಬದುಕಿಕೊಳ್ಳುತ್ತದೆ. ಚಕ್ರವೊಂದು ಸೋರಿದರೂ ಪ್ರೋಗ್ರಾಮ್ ಬೀಳುವುದಿಲ್ಲ. ಆದರೆ ತನ್ನದಲ್ಲದ್ದನ್ನು, ಎಂದರೆ ಎಣಿಕೆ ಹೆಚ್ಚಿಸದೆ ಕೈಬದಲು ಪಡೆದು ಇಟ್ಟುಕೊಂಡ ವಸ್ತುವನ್ನು, ತನ್ನದೆಂದು ತೋರಿಸಿದರೆ ಎಣಿಕೆ ಅಗತ್ಯಕ್ಕಿಂತ ಕೆಳಗಿಳಿದು, ಬದುಕಿರುವ ವಸ್ತುವೇ ಕಸವೆಂದು ತೀರ್ಮಾನವಾಗಿ, ಅದರ ಒಳಗನ್ನು ಬರಿದು ಮಾಡಲಾಗುತ್ತದೆ. ರೂಬಿಯಲ್ಲಿ ಮರೆವು ಕೊಲ್ಲುತ್ತದೆ, ಅತಿಮಾತು ಸೋರುತ್ತದೆ. ಪೈಥಾನಿನಲ್ಲಿ ಅತಿಮಾತು ಕೊಲ್ಲುತ್ತದೆ, ಮರೆವು ಸೋರುತ್ತದೆ. ಎರಡೂ ಭಾಷೆಗಳಿಗೆ ವಿಸ್ತರಣೆ ಬರೆಯುವವರು ಒಂದರ ಅಭ್ಯಾಸಬಲವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋದರೆ, ಅನುಮಾನವಿದ್ದಾಗ ಹೇಳಿಬಿಡುವುದೇ ಲೇಸೆಂಬ ರೂಬಿಯ ಎಚ್ಚರವೇ ಪೈಥಾನಿನಲ್ಲಿ ಅಪಾಯವಾಗುತ್ತದೆ. ಪೈಥಾನ್ 3.9ರಿಂದ ಈಚೆಗೆ, ಓಡುವ ಹೊತ್ತಿನಲ್ಲಿ ಸೃಷ್ಟಿಯಾದ ಬಗೆಗಳ ವಸ್ತುಗಳು ತಮ್ಮ ಬಗೆಯನ್ನು ತೋರಿಸುವ ಪಾಯಿಂಟರನ್ನೂ ಸಾಕ್ಷಿಯಲ್ಲಿ ಸೇರಿಸಬೇಕೆಂಬ ನಿಯಮ ಬಂದದ್ದೂ ಈ ಎಣಿಕೆ ಸರಿಯಾಗಬೇಕೆಂಬ ಕಾರಣದಿಂದಲೇ.

ಸಾಕ್ಷಿಯ ವ್ಯವಸ್ಥೆ ನಿಜವಾದ ಒರೆಗೆ ಹತ್ತಿದ್ದು ಮಾತ್ರ ಎರಡು ಸಂಗ್ರಾಹಕಗಳು ಒಂದೇ ಮನೆಯೊಳಗೆ ಬಂದಾಗ. ಗಣಿತದ ಗುಂಪು ಸಿದ್ಧಾಂತದಲ್ಲಿ ಲೆಕ್ಕ ಹಾಕಲು ಜರ್ಮನಿಯ ಆಹೆನ್ ನಗರದಲ್ಲಿ, ಯೋಆಕಿಮ್ ನೊಯ್‌ಬ್ಯೂಸರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಗ್ಯಾಪ್ ಎಂಬ ತಂತ್ರಾಂಶಕ್ಕೆ ತನ್ನದೇ ಭಾಷೆಯೂ ಗ್ಯಾಸ್‌ಮ್ಯಾನ್ ಎಂಬ ತನ್ನದೇ ಸಂಗ್ರಾಹಕವೂ ಇದೆ. ಗ್ಯಾಪ್‌ನಲ್ಲಿ ವಸ್ತುವಿಗೆ ಚೀಲ ಎಂಬರ್ಥದ ಬ್ಯಾಗ್ ಎಂದು ಹೆಸರು. ಚೀಲದ ಗುರುತು ತೋರಿಸುವುದು ಸ್ಥಿರವಾದ ಒಂದು ಮಧ್ಯವರ್ತಿ ಪಾಯಿಂಟರನ್ನು, ಆ ಮಧ್ಯವರ್ತಿ ತೋರಿಸುವುದು ಚೀಲದ ದೇಹವನ್ನು, ಆದ್ದರಿಂದ ಗ್ಯಾಸ್‌ಮ್ಯಾನ್ ದೇಹವನ್ನು ಎಲ್ಲಿಗೆ ಸರಿಸಿದರೂ ಮಧ್ಯವರ್ತಿಯೊಂದನ್ನು ತಿದ್ದಿದರೆ ಸಾಕು. ರೂಬಿ ಕಾಂಪ್ಯಾಕ್ಷನ್ನಿಗಾಗಿ ಎರಡನೆಯ ಸಾಕ್ಷಿಯನ್ನು ಕೇಳಬೇಕಾಗಿ ಬಂದ ಸಮಸ್ಯೆಗೆ ಗ್ಯಾಪ್ ಒಂದು ಹೆಜ್ಜೆ ಹೆಚ್ಚಿನ ನಡಿಗೆಯನ್ನು ಬೆಲೆಯಾಗಿ ತೆತ್ತು ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿತ್ತು. ಚೀಲಗಳ ಪ್ರತಿಯೊಂದು ಬಗೆಗೂ ಒಂದು ಮಾರ್ಕ್ ಫಂಕ್ಷನ್ನಿನಂತೆ ಗ್ಯಾಪ್‌ನ ತಿರುಳಿನೊಳಗೆ ಒಂದು ಕೋಷ್ಟಕವೇ ಇದ್ದು, ಒಳಗೆ ಏನೂ ಇಲ್ಲದವು, ಒಳಗಿರುವುದೆಲ್ಲವೂ ಚೀಲಗಳೇ ಆದವು, ಮೊದಲ ಸ್ಥಾನದಲ್ಲಿ ಮಾತ್ರ ಚೀಲವಿರುವವು ಎಂಬಂತಹ ಸಾಮಾನ್ಯ ಸಂದರ್ಭಗಳಿಗೆ ಸಿದ್ಧ ಫಂಕ್ಷನ್‌ಗಳೂ ಅದರಲ್ಲಿವೆ.

ಆಸ್ಕರ್ ಎಂಬ ಯೋಜನೆ ಗ್ಯಾಪ್ ಮತ್ತು ಇತರ ಗಣಿತ ತಂತ್ರಾಂಶಗಳನ್ನು ಜೂಲಿಯಾ ಭಾಷೆಯ ಮೂಲಕ ಒಂದುಗೂಡಿಸಲು ಹೊರಟಾಗ, ಜೂಲಿಯಾದ ವಸ್ತು ಗ್ಯಾಪ್‌ನ ಚೀಲವನ್ನೂ ಆ ಚೀಲ ಮತ್ತೆ ಜೂಲಿಯಾದ ವಸ್ತುವನ್ನೂ ಹಿಡಿದುಕೊಳ್ಳುವ ಸಂದರ್ಭ ಬಂತು. ಇಂತಹ ಚಕ್ರದ ಅರ್ಧವನ್ನು ಒಂದು ಸಂಗ್ರಾಹಕ, ಇನ್ನರ್ಧವನ್ನು ಇನ್ನೊಂದು ನೋಡುವುದರಿಂದ ಎರಡೂ ಪರಸ್ಪರರ ವಸ್ತುಗಳನ್ನು ಬೇರುಗಳೆಂದೇ ಭಾವಿಸಿ ಕಾಪಾಡುತ್ತವೆ, ಚಕ್ರ ಎಂದಿಗೂ ಬಿಡುಗಡೆಯಾಗುವುದಿಲ್ಲ. ಇದಕ್ಕೆ ಯೋಜನೆ ಹಿಡಿದ ದಾರಿ ದಿಟ್ಟದ್ದು: ಗ್ಯಾಸ್‌ಮ್ಯಾನನ್ನು ಬದಿಗಿಟ್ಟು ಗ್ಯಾಪ್‌ನ ಚೀಲಗಳನ್ನೂ ಜೂಲಿಯಾದ ಸಂಗ್ರಾಹಕಕ್ಕೇ ಒಪ್ಪಿಸುವುದು. ಅದಕ್ಕಾಗಿ ಜೂಲಿಯಾಕ್ಕೆ ಪರಕೀಯ ಬಗೆ ಎಂಬ ಹೊಸ ಪರಿಕಲ್ಪನೆ ಸೇರಿತು. ಹಾಗೆ ನೋಂದಾಯಿಸಿದ ಬಗೆ ತನ್ನ ಸ್ವಂತ ಮಾರ್ಕ್ ಫಂಕ್ಷನ್ನನ್ನೂ ಗುಡಿಸುವ ಹೊತ್ತಿನ ಫಂಕ್ಷನ್ನನ್ನೂ ಕೊಡಬಹುದು, ಬೇರುಗಳನ್ನು ಹುಡುಕುವ ಹೊತ್ತಿನಲ್ಲಿ ಕರೆಯಬೇಕಾದ ಫಂಕ್ಷನ್‌ಗಳನ್ನೂ ಹೆಸರಿಸಬಹುದು. ಗ್ಯಾಪ್‌ನ ಹಳೆಯ ಕೋಷ್ಟಕ ಬಹುಮಟ್ಟಿಗೆ ಹಾಗೆಯೇ ಉಳಿದು, ಜೂಲಿಯಾ ಕರೆದಾಗ ಚೀಲದ ಬಗೆಯನ್ನು ನೋಡಿ ಕೋಷ್ಟಕದ ಸರಿಯಾದ ಫಂಕ್ಷನ್ನಿಗೆ ಕೆಲಸವನ್ನು ದಾಟಿಸುವ ತೆಳುವಾದ ಪದರವೊಂದು ಮಾತ್ರ ನಡುವೆ ಬಂತು. ಜೂಲಿಯಾದ ಕರಾರಿನಲ್ಲಿ ಒಂದು ಸೊಗಸಾದ ಅಂಶವಿದೆ: ಮಾರ್ಕ್ ಫಂಕ್ಷನ್ ತಾನು ಒಪ್ಪಿಸಿದ ವಸ್ತುಗಳಲ್ಲಿ ಎಳೆಯವು ಎಷ್ಟು ಎಂಬ ಎಣಿಕೆಯನ್ನು ಹಿಂದಿರುಗಿಸಬೇಕು, ಏಕೆಂದರೆ ಹಳೆಯ ಚೀಲವೊಂದರಲ್ಲಿ ಎಳೆಯ ವಸ್ತುವಿದ್ದರೆ ಮುಂದಿನ ಸಣ್ಣ ಸುತ್ತಿನಲ್ಲಿಯೂ ಆ ಚೀಲವನ್ನು ನೆನಪಿನಲ್ಲಿಡಬೇಕಾಗುತ್ತದೆ. ಸಾಕ್ಷಿ ಇಲ್ಲಿ ಹೌದು ಅಲ್ಲಗಳಷ್ಟನ್ನೇ ಹೇಳದೆ ಲೆಕ್ಕವನ್ನೂ ಒಪ್ಪಿಸುತ್ತಾನೆ.

ಸಾಕ್ಷಿಯನ್ನೇ ಕೇಳದೆ ಊಹೆಯಿಂದ ನಡೆಯುವ ಸಂಗ್ರಾಹಕಗಳೂ ಇವೆ. ಹಾನ್ಸ್ ಬೋಮ್ ಮತ್ತು ಮಾರ್ಕ್ ವೈಸರ್ 1988ರಲ್ಲಿ ವಿವರಿಸಿದ ವಿಧಾನದಲ್ಲಿ, ಪಾಯಿಂಟರಿನಂತೆ ಕಾಣುವ ಪ್ರತಿಯೊಂದು ಸಂಖ್ಯೆಯನ್ನೂ ಪಾಯಿಂಟರೆಂದೇ ಭಾವಿಸಲಾಗುತ್ತದೆ. ಆಕಸ್ಮಿಕವಾಗಿ ವಿಳಾಸದಂತೆ ಕಂಡ ಲೆಕ್ಕವೊಂದು ಸತ್ತ ವಸ್ತುವನ್ನು ಉಳಿಸಿಕೊಂಡರೂ ಬದುಕಿರುವುದು ಸಾಯುವುದಿಲ್ಲ, ಆದರೆ ವಿಳಾಸವೆಂದು ಖಚಿತವಿಲ್ಲದ ಸಂಖ್ಯೆಯನ್ನು ತಿದ್ದಲಾಗದಾದ್ದರಿಂದ ವಸ್ತುವನ್ನು ಸರಿಸಲೂ ಬರುವುದಿಲ್ಲ. ರೂಬಿಯೂ ಯಂತ್ರದ ಸ್ಟ್ಯಾಕನ್ನು ನೋಡುವುದು ಹೀಗೆಯೇ. ಗ್ನೂ ಯೋಜನೆಯ ಗೈಲ್ ಭಾಷೆ 2011ರ 2.0 ಆವೃತ್ತಿಯಲ್ಲಿ ಬೋಮ್ ಅವರ ಸಂಗ್ರಾಹಕಕ್ಕೆ ಹೊರಳಿದ ಮೇಲೆ, ಅದುವರೆಗೆ ಕಡ್ಡಾಯವಾಗಿದ್ದ ಮಾರ್ಕ್ ಫಂಕ್ಷನ್‌ಗಳ ಅಗತ್ಯವೇ ಹೆಚ್ಚುಕಡಿಮೆ ಇಲ್ಲವಾಗಿ, ಅವನ್ನು ಬರೆಯದಿರುವುದೇ ಒಳ್ಳೆಯದೆಂದು ಅದರ ಕೈಪಿಡಿ ಸಲಹೆ ಕೊಡುತ್ತದೆ. ಬೋಮ್ ಸಂಗ್ರಾಹಕದಲ್ಲಿಯೂ ಬೇಕೆಂದವರಿಗೆ ಸ್ವಂತ ಗುರುತಿನ ವಿಧಾನವಿದೆ, ಆದರೆ ಒಂದು ಕರೆಗೆ ಸುಮಾರು 100 ಬೈಟ್‌ಗಳಷ್ಟು ಕೆಲಸವನ್ನೇ ಮಾಡಿ ಉಳಿದದ್ದನ್ನು ಸರದಿಗೆ ಹಿಂದಿರುಗಿಸುವಂತೆ ಅದು ನಿರೀಕ್ಷಿಸುತ್ತದೆ. ದೊಡ್ಡ ಟ್ರಂಕೊಂದು ಇಡೀ ಸಂಗ್ರಹವನ್ನು ತಡೆದು ನಿಲ್ಲಿಸದಿರಲೆಂಬ ಮುನ್ನೆಚ್ಚರಿಕೆ ಇದು.

ಇನ್ನು ಕೆಲವು ಭಾಷೆಗಳು ಬಾಗಿಲನ್ನೇ ಮುಚ್ಚಿವೆ. ಲೂವಾದಲ್ಲಿ ಹೊರಗಿನ ವಸ್ತುವಿಗೆ ಮಾರ್ಕ್ ಫಂಕ್ಷನ್ ಕೊಡುವ ಅವಕಾಶವಿಲ್ಲ. ಅದು ಲೂವಾದ ಬೆಲೆಗಳನ್ನು ಹಿಡಿದುಕೊಳ್ಳಬೇಕಾದರೆ ಲೂವಾ ಕೊಡುವ ಲಗತ್ತು ಸ್ಥಾನಗಳಲ್ಲಿಯೇ ಇಡಬೇಕು, ಅವು ಸಂಗ್ರಾಹಕಕ್ಕೆ ತಾನಾಗಿಯೇ ಕಾಣುತ್ತವೆ. ಓಕ್ಯಾಮಲ್‌ನ ಕಸ್ಟಮ್ ಬ್ಲಾಕುಗಳ ಒಳಗನ್ನು ಸಂಗ್ರಾಹಕ ನೋಡುವುದೇ ಇಲ್ಲವಾದ್ದರಿಂದ ಅಲ್ಲಿ ಓಕ್ಯಾಮಲ್ ಬೆಲೆಗಳನ್ನು ಇಡಕೂಡದು, ಇಡಲೇಬೇಕಾದರೆ ಅವನ್ನು ಬೇರುಗಳೆಂದು ನೋಂದಾಯಿಸಬೇಕು. ಸ್ವಾತಂತ್ರ್ಯ ಕಡಿಮೆಯೆಂದು ಇದನ್ನು ಹಳಿಯುವವರಿದ್ದರೂ, ಸುಳ್ಳು ಹೇಳಲು ಅವಕಾಶವೇ ಇಲ್ಲದ ಕಡೆ ಸುಳ್ಳಿನ ದಂಡವೂ ಇಲ್ಲ ಎಂಬ ಲಾಭವನ್ನು ಅಲ್ಲಗಳೆಯಲಾಗದು.

ಬ್ರೌಸರ್‌ಗಳಂತಹ ಬೃಹತ್ ತಂತ್ರಾಂಶಗಳಿಗೆ ಹೀಗೆ ಬಾಗಿಲು ಮುಚ್ಚಿ ಕೂರುವುದು ಸಾಧ್ಯವಿರಲಿಲ್ಲ. ಕ್ರೋಮ್‌ನ ಬ್ಲಿಂಕ್ ಎಂಜಿನ್ನಿನಲ್ಲಿ ಸಂಗ್ರಾಹಕದ ಆಡಳಿತಕ್ಕೆ ಸೇರಿದ ಸಿ++ ವರ್ಗಗಳು ತಮ್ಮ ಸದಸ್ಯಗಳನ್ನು ತೋರಿಸುವ ಟ್ರೇಸ್ ಎಂಬ ವಿಧಾನವನ್ನು ಬರೆದಿರಬೇಕು. ಆದರೆ ಅದನ್ನು ಬರೆದವರ ನೆನಪಿನ ಮೇಲೆ ಬಿಡದೆ, ಕಂಪೈಲರಿಗೆ ಜೋಡಿಸಿದ ಪರಿಶೀಲಕವೊಂದು ಸದಸ್ಯವೊಂದು ಟ್ರೇಸ್‌ನಲ್ಲಿ ಬಿಟ್ಟುಹೋಗಿದ್ದರೆ ಸಂಕೇತವನ್ನೇ ತಿರಸ್ಕರಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿಯೂ, ಸಂಗ್ರಾಹಕ ಓಡಬಹುದಾದ ಕರೆಯೊಂದರ ಆಚೆಗೆ ಬೇರಿಗೆ ಕಟ್ಟದ ಪಾಯಿಂಟರನ್ನು ಹಿಡಿದುಕೊಂಡು ಹೋಗುವ ಜಾಗಗಳನ್ನು ಸಂಕೇತವನ್ನು ಓಡಿಸದೆಯೇ ಪತ್ತೆಮಾಡುವ ವಿಶ್ಲೇಷಣೆ ನಡೆಯುತ್ತದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವ ಈ ಕ್ರಮ ಎಲ್ಲ ರನ್‌ಟೈಮ್‌ಗಳಿಗೂ ಬರಬೇಕಾದದ್ದು ನ್ಯಾಯ.

ರೂಬಿ ಇದಕ್ಕಿಂತ ಸರಳವಾದ ಇನ್ನೊಂದು ದಾರಿಯನ್ನು 2023ರ ಡಿಸೆಂಬರಿನ 3.3 ಆವೃತ್ತಿಯಲ್ಲಿ ತೆರೆಯಿತು. ವಿಸ್ತರಣೆಯ ರಚನೆಯಲ್ಲಿ ರೂಬಿ ವಸ್ತುಗಳು ನಿಶ್ಚಿತ ಸ್ಥಾನಗಳಲ್ಲಿಯೇ ಇರುವುದಾದರೆ, ಫಂಕ್ಷನ್ ಬರೆಯುವ ಬದಲು ಆ ಸ್ಥಾನಗಳ ಪಟ್ಟಿಯೊಂದನ್ನು ವಿವರಣಾ ಪತ್ರದಲ್ಲಿ ಘೋಷಿಸಿದರೆ ಸಾಕು. ಗುರುತು ಹಾಕುವುದನ್ನೂ ಕಾಂಪ್ಯಾಕ್ಷನ್ನಿನ ನಂತರ ತಿದ್ದುವುದನ್ನೂ ಸಂಗ್ರಾಹಕ ಆ ಒಂದೇ ಪಟ್ಟಿಯಿಂದ ತಾನೇ ಮಾಡಿಕೊಳ್ಳುತ್ತದೆ, ಇಬ್ಬರು ಸಾಕ್ಷಿಗಳ ಮಾತು ತಾಳೆಯಾಗದೆ ಹೋಗುವ ಭಯ ಅಲ್ಲಿಗೆ ಮುಗಿಯಿತು. ಉದ್ದ ಬದಲಾಗುವ ಸರದಿಯಂತಹ ರಚನೆಗಳಿಗೆ ಈ ಪಟ್ಟಿ ಒಗ್ಗದು, ಅಲ್ಲಿ ಹಳೆಯ ಫಂಕ್ಷನ್ನೇ ಬೇಕು. ಮುಂದಿನ ವರ್ಷದ 3.4 ಆವೃತ್ತಿಯಿಂದ ರೂಬಿಯ ಸಂಗ್ರಾಹಕವನ್ನೇ ಬದಲಿಸಿ ಬೇರೊಂದನ್ನು ಜೋಡಿಸಲು ಅವಕಾಶ ಬಂದಿರುವುದರಿಂದ, ಒಂದು ಸಂಗ್ರಾಹಕದ ಒಳನಡತೆಯನ್ನು ನೆಚ್ಚಿ ಬರೆದ ಮಾರ್ಕ್ ಫಂಕ್ಷನ್ ಇನ್ನೊಂದರ ಕೈಯಲ್ಲಿ ಹೇಗೆ ನಡೆದೀತೆಂದು ಹೇಳಲಾಗದು. ವಿಸ್ತರಣೆಯನ್ನು ಹೊಸದಾಗಿ ಬರೆಯಲು ಕೂರುವವರು ಮೊದಲು ಪಟ್ಟಿಯಿಂದಲೇ ಕೆಲಸ ಸಾಗುತ್ತದೆಯೇ ಎಂದು ನೋಡಬೇಕು. ಸಾಗದಿದ್ದರೆ ಮಾರ್ಕ್ ಫಂಕ್ಷನನ್ನು ಬರೆದು, ಅದನ್ನು ಇತರರ ಕೈಗೆ ಕೊಡುವ ಮೊದಲು ಒಂದು ಇಡೀ ರಾತ್ರಿಯಾದರೂ ಜಿಸಿ ಸ್ಟ್ರೆಸ್ ಹಚ್ಚಿ ಓಡಲು ಬಿಡಬೇಕು.